ಮೂರು ಮಕ್ಕಳು, ಮನೆಯವರು ದೂರದ ಊರಲ್ಲಿ: ನಡುವಿನವನನ್ನು ತವರಿಗೆ ಬಿಡಬೇಕಾ? ನಿಮ್ಮ ಅನುಭವ ಹೇಳಿ

ಕೇಳಿದವರು: ಬಾಗಲಕೋಟೆ ನವನಗರ

ಎಲ್ಲರಿಗೂ ನಮಸ್ಕಾರ. ನನಗೆ ಮೂರು ಮಕ್ಕಳು. ದೊಡ್ಡವಳು 6ನೇ ತರಗತಿ. ನಡುವಿನವನಿಗೆ 7 ವರ್ಷ. ಸಣ್ಣದು ಇನ್ನೂ 10 ತಿಂಗಳ ಕೂಸು. ಮನೆಯವರು ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ತಿಂಗಳಿಗೊಮ್ಮೆ ಬಂದರೆ ಜಾಸ್ತಿ. ಅತ್ತೆ ಮಾವ ಬೀಳಗಿ ಕಡೆ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ.

ಕೂಸು ಬಂದ ಮೇಲೆ ನಡುವಿನವನು ರಾತ್ರಿ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ. ಮಾತುಮಾತಿಗೆ ಹಟ. ದೊಡ್ಡವಳು ಬಹಳ ಶಾಣ್ಯಾಕಿ. ಕೂಸನ್ನು ಎತ್ತಿಕೊಳ್ಳುತ್ತಾಳೆ, ತಮ್ಮನಿಗೆ ಊಟ ಮಾಡಿಸುತ್ತಾಳೆ. ಅವಳಿಲ್ಲದಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ. ನಮ್ಮವ್ವ ಮುಧೋಳದಲ್ಲಿದ್ದಾಳೆ. "ಹುಡುಗನ್ನ ಎರಡು ವರ್ಷ ನನ್ನ ಹತ್ರ ಬಿಡು, ಇಲ್ಲೇ ಸಾಲಿಗೆ ಹಾಕ್ತೀನಿ" ಅನ್ನುತ್ತಾಳೆ. ಬಿಡಬೇಕಾ? ಹೀಗೆ ಹಲವು ಮಕ್ಕಳನ್ನು ಬೆಳೆಸಿದವರು ಹೇಳಿ.

ಇಂಡಿ ತಾಲೂಕಿನಿಂದ ಒಬ್ಬರು

ಅಕ್ಕಾ, ನಮ್ಮ ಮನೆಯಲ್ಲಿ ಅಜ್ಜನ ಹತ್ತಿರ ಬಿಟ್ಟ ಮಗ ನಾನೇ. ಅದಕ್ಕೆ ಮಗನ ಕಡೆಯಿಂದ ಹೇಳುತ್ತೇನೆ.

ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಪುಣೆ ಕಡೆ ದುಡಿಯಲು ಹೋದರು. ಅಣ್ಣಂದಿರನ್ನು ಕರೆದುಕೊಂಡು ಹೋದರು, ನನ್ನನ್ನು ಬಿಟ್ಟರು. ಅಜ್ಜ ಅಜ್ಜಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಲಿಂಬೆ ಗಿಡಕ್ಕೆ ನೀರು ಬಿಡಲು ಅಜ್ಜ ಹೋದಲ್ಲೆಲ್ಲ ನಾನೂ ಇರುತ್ತಿದ್ದೆ. ಓದೂ ಆಯಿತು. ಆದರೆ ನನ್ನನ್ನೇ ಯಾಕೆ ಬಿಟ್ಟರು ಅಂತ ಯಾರೂ ಹೇಳಲಿಲ್ಲ. ದೊಡ್ಡವರಿಗೆ ಅದು ಹೇಳುವ ವಿಷಯ ಅಂತಲೇ ಅನಿಸಿರಲಿಲ್ಲ. ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡು ಬೆಳೆದೆ. ಸೂಟಿಗೆ ಅವ್ವ ಬಂದರೆ, ಬಂದ ಬೀಗರನ್ನು ನೋಡುವ ಹಾಗೆ ದೂರದಿಂದ ನೋಡುತ್ತಿದ್ದೆ. ಕಾರಣ ತಿಳಿದಿದ್ದು ನನ್ನ ಮದುವೆ ಆದ ಮೇಲೆ. ಆಗ ನನಗೆ ಜ್ವರ ಬರುತ್ತಿತ್ತಂತೆ, ಅಲ್ಲಿನ ಶೆಡ್‌ನಲ್ಲಿ ಇಟ್ಟುಕೊಳ್ಳಲು ಅಂಜಿದರಂತೆ. ಅಷ್ಟೇ ಕಾರಣ! ಆಗಲೇ ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಿಮ್ಮ ಮಗ ಈಗಾಗಲೇ ಕೂಸಿನಿಂದ ನೊಂದಿದ್ದಾನೆ. ಈ ಹೊತ್ತಿನಲ್ಲಿ ಅವನೊಬ್ಬನನ್ನೇ ಕಳಿಸಿದರೆ "ಕೂಸು ಬಂತು, ನನ್ನನ್ನು ಹೊರಗೆ ಹಾಕಿದರು" ಅಂತಲೇ ತಿಳಿಯುತ್ತಾನೆ. ಹುಡುಗ ಹೋಗುವ ಬದಲು ನಿಮ್ಮ ಅವ್ವನೇ ಬರಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿಗೆ ದುಡ್ಡು ಬೇಡ. ಮುಧೋಳದಿಂದ ಬಂದು ನಾಲ್ಕು ದಿನ ಇದ್ದು ಹೋಗುವುದು ಅವರಿಗೇನು ಭಾರ ಅಲ್ಲ. ಯಾವತ್ತಾದರೂ ಬಿಡಲೇಬೇಕಾಗಿ ಬಂದರೆ ಎರಡು ಮಾತು ನೆನಪಿಡಿ. ಯಾಕೆ ಬಿಡುತ್ತಿದ್ದೇವೆ, ಯಾವಾಗ ಕರೆದುಕೊಂಡು ಬರುತ್ತೇವೆ ಅನ್ನೋದನ್ನು ಅವನಿಗೇ ಕೂರಿಸಿ ಹೇಳಿ. ಹೇಳಿದ ದಿನ ತಪ್ಪಿಸಬೇಡಿ.

ಜಮಖಂಡಿ ಕಡೆಯ ಅಂಗನವಾಡಿ ಕಾರ್ಯಕರ್ತೆ

ತಂಗೀ, ನೀನು ಮಗನ ಬಗ್ಗೆ ಕೇಳಿದ್ದೀಯ. ನನಗೆ ನಿನ್ನ ಮಗಳ ಚಿಂತೆ ಹತ್ತಿತು.

ಮೊದಲು ಮಗನ ಮಾತು ಮುಗಿಸುತ್ತೇನೆ. ಮನೆಗೆ ಕೂಸು ಬಂದಾಗ ದೊಡ್ಡ ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡುವುದು ಬಹಳ ಮನೆಗಳಲ್ಲಿ ಇದೆ. ಬೇಕು ಅಂತ ಮಾಡುವುದಲ್ಲ. ಬೈಯಬೇಡ, ಬಂದವರ ಮುಂದೆ ಹೇಳಬೇಡ. ನೀರು ಹಗಲಲ್ಲಿ ಚೆನ್ನಾಗಿ ಕುಡಿಯಲಿ, ಮಲಗುವ ಮುಂಚೆ ಕಡಿಮೆ ಮಾಡು. ಹಾಸಿಗೆಗೆ ಹೋಗುವಾಗ ಒಮ್ಮೆ ಮೂತ್ರಕ್ಕೆ ಕಳಿಸು. ಆದರೂ ಪೂರ್ತಿ ನಿಂತಿದ್ದು ಮತ್ತೆ ಶುರುವಾಗಿದೆ ಅಂದರೆ ಒಂದು ಸಲ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಸೋಂಕು ಇದ್ದರೆ ಗೊತ್ತಾಗುತ್ತದೆ. ವಿಪರೀತ ನೀರಡಿಕೆ ಇದ್ದರೆ, ಮೈ ಇಳಿಯುತ್ತಿದ್ದರೆ ತಡ ಮಾಡಬೇಡ, ಅವತ್ತೇ ದವಾಖಾನೆಗೆ ಹೋಗಿ ಸಕ್ಕರೆಯನ್ನೂ ನೋಡಿಸು.

ಇನ್ನು ಮಗಳು. ನಮ್ಮದು ಕಬ್ಬಿನ ಸೀಮೆ. ದೀಪಾವಳಿ ಹೊತ್ತಿಗೆ ಕಡಿಯುವ ಗ್ಯಾಂಗ್‌ಗಳು ಬರುತ್ತವೆ. ಗಂಡ ಹೆಂಡತಿ ಇಬ್ಬರೂ ನಸುಕಿನಲ್ಲೇ ಫಡಕ್ಕೆ, ಅಂದರೆ ಕಬ್ಬು ಕಡಿಯುವ ಹೊಲಕ್ಕೆ, ಇಳಿಯುತ್ತಾರೆ. ಗುಡಿಸಲ ಹತ್ತಿರ ಕೂಸನ್ನು ಟೊಂಕದ ಮೇಲೆ ಇಟ್ಟುಕೊಂಡು ಒಂಬತ್ತು ಹತ್ತು ವರ್ಷದ ಹುಡುಗಿ ನಿಂತಿರುತ್ತಾಳೆ. ಅವಳ ಹೆಸರು ಊರಿನ ಶಾಲೆಯ ಹಾಜರಿಯಲ್ಲಿ ಇರುತ್ತದೆ, ಅವಳು ಮಾತ್ರ ಇಲ್ಲಿ. ಗ್ಯಾಂಗ್ ಮಾರ್ಚ್ ಹೊತ್ತಿಗೆ ವಾಪಸ್ ಹೋದಾಗ ಪರೀಕ್ಷೆ ಬಂದೇ ಬಿಟ್ಟಿರುತ್ತದೆ. ಒಂದು ವರ್ಷ ಹಾಗೆ ಹೋದರೆ ಮುಂದಿನ ವರ್ಷ ತರಗತಿಯಲ್ಲಿ ಕೂರಲು ಅವಳಿಗೇ ನಾಚಿಕೆ. ಆಮೇಲೆ ಶಾಲೆ ಬಿಡುತ್ತಾಳೆ. ಆ ತಾಯಂದಿರನ್ನು ನಾನು ದೂರುವುದಿಲ್ಲ. ಅವರಿಗೆ ಬೇರೆ ದಾರಿ ಇರುವುದಿಲ್ಲ.

ನಿನ್ನ ಮನೆ ಪರಿಸ್ಥಿತಿ ಅದಲ್ಲ, ಗೊತ್ತು. ಆದರೆ ಅಲ್ಲೂ ಮೊದಲ ಮಾತು "ನಮ್ಮಾಕಿ ಬಾಳ ಶಾಣ್ಯಾಕಿ" ಅನ್ನೋದೇ. ಹಾಗೆ ಹೊಗಳಿಸಿಕೊಂಡ ಹುಡುಗಿ "ನನಗೆ ಸಾಕಾಗಿದೆ" ಅಂತ ಬಾಯಿ ಬಿಡುವುದಿಲ್ಲ. ಆರನೇ ತರಗತಿಯಲ್ಲಿ ಓದು ಜಾಸ್ತಿ ಆಗುತ್ತದೆ. ಇನ್ನು ಒಂದೆರಡು ವರ್ಷದಲ್ಲಿ ಮುಟ್ಟು ಶುರುವಾಗಬಹುದು. ಈಗ ಅವಳಿಗೆ ನೀನು ಬೇಕು. ಅವಳು ಸಂಜೆ ಏನು ಆಡುತ್ತಾಳೆ? ಕೂಸಿಗೆ ಮೈ ಬಿಸಿಯಾದ ದಿನ ಶಾಲೆ ತಪ್ಪಿಸುತ್ತಾಳಾ? ಒಮ್ಮೆ ಕೇಳು.

ಅವಳಿಗೆ ಕೆಲಸವೇ ಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟು ಅಂತ ಗೊತ್ತಿರಬೇಕು, ಮುಗಿದ ಮೇಲೆ ಅವಳ ಹೊತ್ತು ಅವಳದು. ತಮ್ಮನಿಗೆ ಊಟ ಮಾಡಿಸುವುದು ಅವಳ ಕೆಲಸ ಅಲ್ಲ. ಏಳು ವರ್ಷದವನು ತನ್ನ ತಾಟು ತಾನೇ ಇಟ್ಟುಕೊಂಡು ಉಣ್ಣಬಹುದು, ತೊಳೆಯಲೂಬಹುದು, ಹಾಸಿಗೆ ಮಡಚಬಹುದು. ಗಂಡು ಹುಡುಗ ಅಂತ ಬಿಡಬೇಡ. ಅವನಿಗೂ ಮನೆಯಲ್ಲಿ ತನ್ನದೊಂದು ಜಾಗ ಇದೆ ಅನಿಸುತ್ತದೆ.

ಹಳ್ಳಿಯಲ್ಲಿದ್ದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು ಇದನ್ನು ಓದುತ್ತಿದ್ದರೆ, ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ ವಿಚಾರಿಸಿ. ಹಗಲು ಸಣ್ಣ ಮಕ್ಕಳನ್ನು ನೋಡಿಕೊಳ್ಳಲೆಂದೇ ಅದು ಇರುವುದು.

ಕೇಳಿದವರು

ಅಕ್ಕಾ, ನೀವು ಹೇಳಿದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಮೊದಲು ಏನೂ ಇಲ್ಲ ಅಂದಳು. ಆಮೇಲೆ "ಸಂಜಿಕೆ ಗೆಳತಿ ಮನಿಗೆ ಹೋಗ್ಬೇಕು ಅನ್ನಿಸ್ತದ ಅವ್ವಾ, ಆದ್ರ ಕೂಸು ಅಳ್ತದಲ್ಲ" ಅಂದಳು. ಬೇರೆಯವರೂ ಹೇಳಿ, ಓದುತ್ತಿದ್ದೇನೆ.

ಬೆಳಗಾವಿ ಶಹಾಪುರದಿಂದ

ನನಗೆ ಹೆತ್ತ ಮಕ್ಕಳು ಇಬ್ಬರು, ಮೂರನೆಯವನು ತೀರಿಕೊಂಡ ಅಕ್ಕನ ಮಗ. ಅವನಿಗೆ ತಂದೆಯೂ ಇಲ್ಲ. ನನ್ನ ಮನೆಯವರೂ ತೀರಿಕೊಂಡಿದ್ದಾರೆ. ಮಗ್ಗದ ಕೆಲಸದ ಮೇಲೆ ಮನೆ ನಡೆಯುತ್ತದೆ.

ಅಕ್ಕನ ಮಗ ಮರಾಠಿ ಮಾಧ್ಯಮದಲ್ಲಿ ಓದುತ್ತಿದ್ದ, ನನ್ನ ಮಕ್ಕಳು ಕನ್ನಡ ಮಾಧ್ಯಮ. ಎಲ್ಲರನ್ನೂ ಒಂದೇ ಶಾಲೆಗೆ ಹಾಕು, ಸಲೀಸಾಗುತ್ತದೆ ಅಂದರು. ನಾನು ಹಾಕಲಿಲ್ಲ. ಅವ್ವನನ್ನು ಕಳೆದುಕೊಂಡ ವರ್ಷವೇ ಅವನ ಶಾಲೆ, ಗೆಳೆಯರು, ಪುಸ್ತಕ ಎಲ್ಲವನ್ನೂ ಕಿತ್ತುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಎರಡು ಶಾಲೆಯ ಹೊತ್ತು ಹೊಂದಿಸುವುದು ಕಷ್ಟವೇ. ಆದರೆ ಹುಡುಗ ಉಳಿದುಕೊಂಡ. ಎಲ್ಲರಿಗೂ ಒಂದೇ ಥರ ಮಾಡಿದರೆ ನ್ಯಾಯ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಮಗುವಿಗೆ ಈಗ ಏನು ಬೇಕೋ ಅದನ್ನು ಕೊಡಬೇಕು. ಉಳಿದ ಮಕ್ಕಳಿಗೆ ಯಾಕೆ ಅಂತ ಬಿಡಿಸಿ ಹೇಳಬೇಕು. ಹೇಳಿದರೆ ಮಕ್ಕಳು ತಿಳಿದುಕೊಳ್ಳುತ್ತಾರೆ.

ಬಂದವರು ಅವನ ಮುಂದೆಯೇ "ಪಾಪ, ಅವ್ವ ಇಲ್ಲದ ಹುಡುಗ" ಅಂತ ಲೊಚಗುಟ್ಟುತ್ತಾರೆ. ಅಲ್ಲೇ ತಡೆಯುತ್ತೇನೆ. ಅವರಿಗೆ ಸಿಟ್ಟು ಬಂದರೂ ಬರಲಿ.

ನನ್ನಂಥ ಪರಿಸ್ಥಿತಿ ಇದ್ದವರಿಗೆ ಒಂದು ಮಾಹಿತಿ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ಗಂಡ ತೀರಿದವರ, ಗಂಡ ಬಿಟ್ಟವರ ಮಕ್ಕಳಿಗೆ, ತಂದೆ ತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ. 18 ವರ್ಷ ತುಂಬುವವರೆಗೆ ಸಿಗಬಹುದು. ಮನೆಯ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ದಾಟಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ಸಮಿತಿ ಒಪ್ಪಬೇಕು, ಹೊತ್ತು ಹಿಡಿಯುತ್ತದೆ. ಮರಣ ಪತ್ರ, ಆದಾಯ ಪತ್ರ, ಶಾಲೆಯ ದಾಖಲೆ ಮೊದಲೇ ತೆಗೆದಿಟ್ಟುಕೊಳ್ಳಿ. ತಂಗೀ, ನಿನಗೆ ಇದು ಬಾರದು, ನಿನ್ನ ಮನೆಯವರು ದುಡಿಯುತ್ತಿದ್ದಾರೆ. ಆದರೆ ನಿನ್ನ ಓಣಿಯಲ್ಲಿ ಇಂಥವರು ಯಾರಾದರೂ ಇರುತ್ತಾರೆ, ಅವರಿಗೆ ಹೇಳು.

ವಿಜಯಪುರದಿಂದ, ಕೂಡು ಕುಟುಂಬದ ಸೊಸೆ

ನಮ್ಮದು ತುಂಬಿದ ಮನೆ. ಮೂವರು ಅಣ್ಣತಮ್ಮಂದಿರ ಮಕ್ಕಳು ಸೇರಿ ಏಳು. ಕೂಸು ಎತ್ತಿಕೊಳ್ಳಲು ಕೈಗಳಿಗೆ ಕೊರತೆ ಇಲ್ಲ, ಅದು ದೊಡ್ಡ ಆಸರೆ. ತೊಂದರೆ ಬೇರೆ ಕಡೆ. ಒಬ್ಬನಿಗೆ 90 ಬಂತು, ನಿನಗೇಕೆ 60 ಅನ್ನೋ ಮಾತು ಊಟಕ್ಕೆ ಕೂತಾಗಲೇ ಬರುತ್ತದೆ. ನೆಗೆಣ್ಣಿಯರು ಮೂವರೂ ಕೂತು ಮಾತಾಡಿಕೊಂಡೆವು: ಅಂಕದ ಸುದ್ದಿ ಊಟದ ಹೊತ್ತಿಗೆ ಬೇಡ, ಯಾರ ಮಗುವಿಗೆ ಬೈಯುವುದಿದ್ದರೂ ಹೆತ್ತವರೇ ಬೈಯಬೇಕು. ರೇಷನ್ ಕಾರ್ಡ್‌ನಲ್ಲಿ ಅತ್ತೆಯವರೇ ಯಜಮಾನಿ, ಹಾಗಾಗಿ ಗೃಹಲಕ್ಷ್ಮಿಯ 2,000 ಅವರ ಖಾತೆಗೆ ಬರುತ್ತದೆ. ಮೊದಲು ಅದರದ್ದೇ ಕಿರಿಕಿರಿ. ಈಗ ಅವರು ಅದರಲ್ಲೇ ಏಳೂ ಮಕ್ಕಳ ನೋಟ್‌ಬುಕ್ಕು, ಪೆನ್ನು ತರಿಸುತ್ತಾರೆ.

ನಾನು ಸಂತೆಗೆ ಹೋಗುವಾಗ ನನ್ನ ಮಕ್ಕಳಲ್ಲಿ ಒಬ್ಬರನ್ನೇ ಕರೆದುಕೊಂಡು ಹೋಗುತ್ತೇನೆ, ಪಾಳಿ ಪ್ರಕಾರ. ಹೋಗಿ ಬರುವ ದಾರಿಯಲ್ಲಿ ಮನೆಯಲ್ಲಿ ಯಾವತ್ತೂ ಹೇಳದ ಮಾತೆಲ್ಲ ಹೊರಗೆ ಬರುತ್ತದೆ. ನಿಮ್ಮ ಮಗನಿಗೆ ಮೊದಲು ಇದನ್ನು ಮಾಡಿ ನೋಡಿ. ಕೂಸು ಇಲ್ಲದ, ಅಕ್ಕ ಇಲ್ಲದ ಅರ್ಧ ತಾಸು ಸಾಕು.

ಗೋಕಾಕದಿಂದ

ನಮ್ಮದು ಇಬ್ಬರಿಗೂ ಎರಡನೇ ಮದುವೆ. ನನ್ನ ಮಗಳು, ಅವರ ಮಗ, ಆಮೇಲೆ ನಮ್ಮಿಬ್ಬರ ಕೂಸು. ಒಂದೇ ಮಾತು ಹೇಳುತ್ತೇನೆ: ದೂರ ಇರುವ ತಂದೆ ಫೋನ್ ಮಾಡಿದಾಗ ಮೊದಲು ಕೂಸಿನ ಮುಖ ತೋರಿಸು ಅನ್ನುವುದು ಸಹಜ. ನಿಮ್ಮ ಮನೆಯವರಿಗೆ ಮಗನನ್ನು ಮೊದಲು ಕರೆಯಲು ಹೇಳಿ, ಆಮೇಲೆ ಮಗಳನ್ನು, ಕೊನೆಗೆ ಕೂಸನ್ನು. ನಮ್ಮ ಮನೆಯಲ್ಲಿ ಇದರಿಂದ ಬಹಳ ಬದಲಾಗಿದೆ.

ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಮಗನನ್ನು ಬಿಡುವುದಿಲ್ಲ ಅಂತ ಅವ್ವನಿಗೆ ಹೇಳಿದೆ. ಮೊದಲು ಮುನಿಸಿಕೊಂಡಳು, ಆಮೇಲೆ ತಾನೇ ಬರುತ್ತೇನೆ ಅಂದಳು. ದಸರಾ ಸೂಟಿಗೆ ಅಕ್ಕ ತಮ್ಮ ಇಬ್ಬರನ್ನೂ ಕೂಡಿಯೇ ಮುಧೋಳಕ್ಕೆ ಕಳಿಸುತ್ತೇನೆ. ಮೂತ್ರ ಪರೀಕ್ಷೆಗೆ ಸೋಮವಾರ ಹೋಗುತ್ತೇವೆ. ಸಂಜೆ ಐದರಿಂದ ಆರೂವರೆ ಮಗಳ ಹೊತ್ತು, ಆಗ ನಾನು ಮಷೀನ್ ಮುಟ್ಟುವುದಿಲ್ಲ. ಒಂದೆರಡು ಬ್ಲೌಸ್ ಕಡಿಮೆ ಆಗುತ್ತವೆ, ಆಗಲಿ.

ಇನ್ನೊಂದು ಕೇಳಬೇಕಿತ್ತು. ಕೂಸು ಈಗ ಅಂಬೆಗಾಲಿಡುತ್ತಿದೆ. ಸೂಜಿ, ಕತ್ತರಿ, ವೈರ್ ಎಲ್ಲ ಕೈಗೆಟಕುವ ಹಾಗಿವೆ. ಮನೆಯಲ್ಲೇ ಹೊಲಿಗೆ ಮಾಡುವವರು ಹಗಲು ಕೂಸನ್ನು ಎಲ್ಲಿ ಬಿಡುತ್ತೀರಿ, ಮಷೀನ್ ಸುತ್ತ ಏನು ಮಾಡಿಕೊಂಡಿದ್ದೀರಿ? ದಯವಿಟ್ಟು ತಿಳಿಸಿ.