ಅಪ್ಪ ಗಣಪತಿ ಮಾಡುವವರು, ನನ್ನ ಕೈಗೆ ಬರುವುದು ಬರೀ ಮನುಷ್ಯರೇ

ಚೌತಿ ಮನೆ ಹುಡುಗಿ:
ನಮ್ಮದು ಉಡುಪಿ ಹತ್ತಿರದ ಊರು. ಅಜ್ಜನ ಕಾಲದಿಂದ ಚೌತಿಗೆ ಮಣ್ಣಿನ ಗಣಪತಿ ಮಾಡುವ ಮನೆ. ಆಟಿ ತಿಂಗಳು ಬಂದರೆ ಚಾವಡಿ ತುಂಬ ಆವೆಮಣ್ಣು. ಪೀಠದ ಬಣ್ಣ, ಪಂಚೆಯ ಅಂಚು ನಾವು ಮಕ್ಕಳು ಹಚ್ಚುತ್ತೇವೆ. ಕಣ್ಣು ಮಾತ್ರ ಅಪ್ಪನೇ ಬರೆಯಬೇಕು.

ಈಗ ಚಿತ್ರಕಲೆ ಓದುತ್ತಿದ್ದೇನೆ. ಏನು ಬರೆಯಲು ಕೂತರೂ ಮನುಷ್ಯರೇ ಬರುತ್ತಾರೆ. ಮೀನು ಮಾರುವವರು, ಬೀಡಿ ಕಟ್ಟುವ ಪಕ್ಕದ ಮನೆ ಅಕ್ಕ, ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿಕೊಂಡು ಭೂತ ಕಟ್ಟುವವರು. ಕ್ಲಾಸಿನಲ್ಲಿ "ಇದೆಲ್ಲ ಕ್ಯಾಲೆಂಡರ್ ಚಿತ್ರ, ಹಳೇದಾಯ್ತು" ಅಂತಾರೆ. ಚಿತ್ರಕಾರ ಕೆ.ಕೆ. ಹೆಬ್ಬಾರರ ತಂದೆಯೂ ಗಣಪತಿ ಮಾಡುತ್ತಿದ್ದರಂತಲ್ವಾ? ಅಂಥ ಮನೆಯಿಂದ ಹೊರಟು ಅವರು ತಮ್ಮ ದಾರಿ ಹೇಗೆ ಕಂಡುಕೊಂಡರು?

ಡ್ರಾಯಿಂಗ್ ಮೇಷ್ಟ್ರು:
ಹೌದು ತಂಗಿ, ಮೂರ್ತಿ ಮಾಡುವ ಮನೆಯೇ. ಊರು ಕಟ್ಟಿಂಗೇರಿ, ಹುಟ್ಟಿದ್ದು 1911. ಮೈಸೂರಿನಲ್ಲಿ ಸ್ವಲ್ಪ ಕಲಿತು ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದರು. ಅಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವ ಪಾಠ ಗಟ್ಟಿಯಾಗಿ ಸಿಕ್ಕಿತು. ಅಷ್ಟಕ್ಕೇ ಅವರಿಗೆ ಸಮಾಧಾನ ಆಗಲಿಲ್ಲ. ಅಜಂತಾ, ಜೈನ ಹಸ್ತಪ್ರತಿಗಳ ಚಿತ್ರ, ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರ ಕೆಲಸ ಇವೆಲ್ಲ ಅವರನ್ನು ಎಳೆದವು. 1949ರಲ್ಲಿ ಪ್ಯಾರಿಸ್‌ಗೂ ಹೋದರು.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಬೇರೆ. ಗೆರೆಗೆ ಲಯ ಬೇಕು ಅಂತ ಅವರು ಪಂಡಿತ್ ಸುಂದರ್ ಪ್ರಸಾದ್ ಹತ್ತಿರ ಕಥಕ್ ನೃತ್ಯ ಕಲಿತರು. ಅವರ ರೇಖಾಚಿತ್ರ ಒಂದನ್ನು ಹತ್ತಿರ ಇಟ್ಟುಕೊಂಡು ನೋಡು. ಹೆಗಲಿಂದ ಹೊರಟ ಗೆರೆ ಮೊಣಕೈ ಬಳಸಿ ಬೆರಳ ತುದಿಗೆ ಬರುತ್ತದೆ. ಪೆನ್ನು ಎಲ್ಲಿ ಎತ್ತಿದರು ಅಂತ ಹುಡುಕಬೇಕು. ಮುಖದಲ್ಲಿ ಕಣ್ಣು ಮೂಗು ಇರಲಿ ಬಿಡಲಿ, ಆ ಮನುಷ್ಯ ಕುಣಿಯುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಮುಂದೆ ಆಕೃತಿ ಕರಗಿ ಬಣ್ಣವೇ ಜಾಸ್ತಿಯಾದ ಚಿತ್ರಗಳನ್ನೂ ಮಾಡಿದರು. ಮನುಷ್ಯರನ್ನು ಬರೆಯುವುದು ಹಳೇದು ಅನ್ನುವವರಿಗೆ ಆ ಗೆರೆಗಳನ್ನು ತೋರಿಸು.

ಚೌಕಿಮನೆ:
ಮೇಷ್ಟ್ರ ಮಾತು ಒಪ್ಪುತ್ತೇನೆ. ಆದರೆ ಕ್ಲಾಸಿನವರ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ನಾನೂ ಮೂರ್ತಿಗೆ ಬಣ್ಣ ಹಚ್ಚುವವನು. ನಮ್ಮ ಕೈಗೆ ಎಲ್ಲ ಮುಖವನ್ನೂ ಚಂದ ಮಾಡುವ ಚಾಳಿ ಇದೆ. ದೇವರಿಗೆ ಅದು ಬೇಕು, ಮೀನು ಮಾರುವ ಅಕ್ಕನಿಗೆ ಬೇಡ. ಬಿಸಿಲಿಗೆ ಅವರ ಹಣೆ ಗಂಟಿಕ್ಕಿದ್ದರೆ ಹಾಗೇ ಬರಲಿ.

ಆಟ ಇದ್ದ ರಾತ್ರಿ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಕೂತುಕೊಳ್ಳಿ. ವೇಷಧಾರಿ ಸೀರೆ ಉಡುವಾಗ, ಕಿರೀಟ ಕಟ್ಟುವಾಗ ಪೆನ್ನಿನಲ್ಲೇ ಬರೆಯಿರಿ. ರಬ್ಬರ್ ಮನೆಯಲ್ಲೇ ಇರಲಿ. ಅವರು ನಿಮಗೋಸ್ಕರ ನಿಲ್ಲುವುದಿಲ್ಲ, ಹಾಗಾಗಿ ಮೈ ಎತ್ತ ವಾಲಿದೆ, ಭಾರ ಯಾವ ಕಾಲ ಮೇಲಿದೆ ಅಷ್ಟನ್ನೇ ಹಿಡಿಯಬೇಕಾಗುತ್ತದೆ. ಹೆಬ್ಬಾರರೂ ನಮ್ಮ ಕಡೆಯ ಕೋಳಿ ಅಂಕವನ್ನೇ, ಅಂದರೆ ಕೋಳಿ ಕಾಳಗವನ್ನೇ, ಚಿತ್ರ ಮಾಡಿದವರು. ಅವರ ಮಗಳು ರೇಖಾ ರಾವ್ ಕೂಡ ಕಲಾವಿದೆ.

ಚೌತಿ ಮನೆ ಹುಡುಗಿ:
ಚಂದ ಮಾಡುವ ಚಾಳಿ ನನಗೂ ಇದೆ ಅಣ್ಣಾ, ನೀವು ಹೇಳಿದ ಮೇಲೆ ನನ್ನ ಹಾಳೆಗಳಲ್ಲಿ ಕಾಣುತ್ತಿದೆ. ಹೆಬ್ಬಾರರ ಮೂಲ ಚಿತ್ರಗಳನ್ನು ಎಲ್ಲಿ ನೋಡಬಹುದು? ಫೋನಿನಲ್ಲಿ ನೋಡಿದರೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರು:
ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿವೆ. ಹೊರಡುವ ಮೊದಲು ಫೋನ್ ಮಾಡಿ, ತೆರೆದಿದೆಯಾ, ಹೆಬ್ಬಾರರ ಚಿತ್ರ ಗೋಡೆ ಮೇಲಿದೆಯಾ ಎರಡನ್ನೂ ಕೇಳು. ಅಪ್ಪನನ್ನೂ ಕರೆದುಕೊಂಡು ಬಾ, ಚೌತಿ ಕೆಲಸ ಮುಗಿದ ಮೇಲೆ.