ಪ್ರಾಗ್‌ನಲ್ಲಿ ನಾಲ್ಕು ದಿನ, ಪಟ್ಟಿಯಲ್ಲಿ 27 ಜಾಗ: ಯಾವುದನ್ನು ಬಿಡಲಿ?

ನಿವೃತ್ತ ಲೆಕ್ಕಿಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹತ್ತಿ ಮಿಲ್ಲೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕೂಡಿ ಕಳೆದು ಈಗ ಮನೆಯಲ್ಲಿದ್ದೇನೆ. ಮಗಳು ಜರ್ಮನಿಯಲ್ಲಿದ್ದಾಳೆ. ಏಪ್ರಿಲ್ ಮೊದಲ ವಾರ ನಾವಿಬ್ಬರೂ ಅವಳಲ್ಲಿಗೆ ಹೋಗುತ್ತಿದ್ದೇವೆ. ಅಲ್ಲಿಂದ ರೈಲಿನಲ್ಲಿ ಚೆಕ್ ದೇಶದ ಪ್ರಾಗ್ ನಗರಕ್ಕೆ ನಾಲ್ಕು ದಿನ. ಮೊದಲೆರಡು ದಿನ ಅವಳೂ ಜೊತೆಗಿರುತ್ತಾಳೆ, ಆಮೇಲೆ ಅವಳಿಗೆ ಕಚೇರಿ, ನಮಗೆ ನಾವೇ.

ಇಲ್ಲಿಯವರೆಗೆ ನಾವು ಹೋದ ಅತಿ ದೂರದ ಊರು ಕಾಶಿ. ಹಾಗಾಗಿ ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ, ಹಳೆಯ ಲೆಕ್ಕದ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ, ನೋಡಬೇಕಾದ 27 ಜಾಗಗಳ ಪಟ್ಟಿ ಮಾಡಿದ್ದೇನೆ. ಎದುರಿಗೆ ಸಮಯದ ಕಲಮೂ ಇದೆ. ಅದನ್ನು ನೋಡಿದ ನಮ್ಮ ಮನೆಯವರು, "ಇದು ಪ್ರವಾಸವೋ, ಆಡಿಟ್ಟೋ?" ಎಂದರು.

ಅವರಿಗೆ ಮಂಡಿನೋವು. ಕುಂದವಾಡ ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ನಡೆದರೆ ಕಲ್ಲುಬೆಂಚು ಹುಡುಕುತ್ತಾರೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಪಟ್ಟಿಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಟ್ಟರೆ ಹೋದದ್ದೇ ದಂಡ, ತಿಳಿದವರು ಹೇಳಿ.

ಬುರುಜನಹಟ್ಟಿ, ಚಿತ್ರದುರ್ಗ

ನಾಲ್ಕು ದಿನ ಬೇಕಾದಷ್ಟಾಯಿತು ಸರ್. ನಾನು ಎರಡೇ ದಿನದಲ್ಲಿ ಮುಗಿಸಿ ವಿಯೆನ್ನಾಕ್ಕೆ ಹೋದೆ, ರೈಲಿನಲ್ಲಿ ಬರೀ ನಾಲ್ಕು ಗಂಟೆ. ಪಟ್ಟಿ ಹಾಗೆಯೇ ಇರಲಿ, ಬೆಳಿಗ್ಗೆ ಬೇಗ ಹೊರಡಿ.

ರಂಗಯ್ಯನ ಬಾಗಿಲು, ಚಿತ್ರದುರ್ಗ

ಸರ್, ಬುರುಜನಹಟ್ಟಿಯವರ ವಯಸ್ಸೇ ಬೇರೆ, ಮಂಡಿಯೇ ಬೇರೆ. ಬೆಳಿಗ್ಗೆ ಬೇಗ ಹೊರಡಿ ಎಂಬ ಮಾತನ್ನಷ್ಟೇ ಅವರಿಂದ ತೆಗೆದುಕೊಳ್ಳಿ.

ನನ್ನ ಸೋದರಮಾವ ದುರ್ಗದ ಕೋಟೆಯ ಬಾಗಿಲಲ್ಲಿ ಸೌತೆಕಾಯಿ ಸೀಳಿ ಉಪ್ಪುಖಾರ ಹಚ್ಚಿ ಮಾರುತ್ತಿದ್ದರು. ಬೇಸಿಗೆ ರಜೆಯಲ್ಲಿ ಬುಟ್ಟಿ ಕಾಯುವ ಕೆಲಸ ನನ್ನದು. ಬಂಡೆಗಳೆಲ್ಲ ಕಾದ ಹೆಂಚಾಗಿರುವ ಹನ್ನೆರಡರ ಬಿಸಿಲಿಗೆ ಬಸ್ಸಿನಿಂದ ಇಳಿದವರು "ಓಬವ್ವನ ಕಿಂಡಿ ಎಲ್ಲಿ?" ಎಂದು ಕೇಳಿಕೊಂಡು ಓಡುತ್ತಿದ್ದರು. ಗಂಟೆಯೊಳಗೆ ಬೆವರು ಸುರಿಸುತ್ತ ಇಳಿದು ಬಂದು, ಸೌತೆಕಾಯಿ ಕಚ್ಚುತ್ತ, "ಇಷ್ಟೆಯೇ?" ಎನ್ನುತ್ತಿದ್ದರು. ಮಾವ ಉತ್ತರ ಕೊಡುತ್ತಿರಲಿಲ್ಲ. ಮುಂದಿನ ಹೋಳಿಗೆ ಖಾರ ಒಂದು ಚಿಟಿಕೆ ಹೆಚ್ಚು ಬೀಳುತ್ತಿತ್ತು.

ಪ್ರಾಗ್‌ಗೆ ಮೊದಲ ಸಲ ಹೋದಾಗ ನಾನೂ ಆ ಖಾರ ತಿನ್ನಬೇಕಾದವನೇ. ಕಂಪನಿಯ ಕೆಲಸದ ನಡುವೆ ಸಿಕ್ಕ ಒಂದು ಭಾನುವಾರ ಎಲ್ಲವನ್ನೂ ಓಡಿ ನೋಡಿದೆ, ರಾತ್ರಿ ಮಲಗಿದಾಗ ಒಂದೂ ನೆನಪಾಗಲಿಲ್ಲ. ಎರಡನೆಯ ಸಲ ಐದು ತಿಂಗಳಿದ್ದೆ. ಆಗ ಗೊತ್ತಾಯಿತು, ಆ ಊರನ್ನು ಯಾವ ಹೊತ್ತಿಗೆ ನೋಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದು. ನಿಮ್ಮ ಪುಸ್ತಕದ ಸಮಯದ ಕಲಮನ್ನು ಉಳಿಸಿಕೊಳ್ಳಿ, ಜಾಗದ ಕಲಮನ್ನು ಹೊಡೆದು ಹಾಕಿ.

ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರೂವರೆಗೆ ಹೋಗಿ. ಏಪ್ರಿಲ್ ಆರಂಭದಲ್ಲಿ ಹೆಚ್ಚು ಕಡಿಮೆ ಅದೇ ಸೂರ್ಯೋದಯದ ಹೊತ್ತು. ಹತ್ತಕ್ಕೆ ಹೋದರೆ ಜಾತ್ರೆಯಲ್ಲಿ ತೇರಿನ ಮುಂದೆ ಸಿಕ್ಕಿಕೊಂಡ ಹಾಗೆ, ಕಾಲು ಇಡಬೇಕಾಗಿಲ್ಲ, ಜನರೇ ದಾಟಿಸುತ್ತಾರೆ. ಅಲ್ಲಿಯ ಅರಸ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿಸಿದ ಸೇತುವೆ ಅದು. ಅರ್ಧ ಕಿಲೋಮೀಟರಿಗಿಂತ ತುಸು ಉದ್ದ, ಕೆಳಗೆ ವಲ್ತಾವಾ ನದಿ, ಎರಡೂ ಬದಿಗೆ ಸೇರಿ ಮೂವತ್ತು ಪ್ರತಿಮೆಗಳು. ಗಾರೆಗೆ ಮೊಟ್ಟೆ ಬೆರೆಸಲು ಸುತ್ತಲಿನ ಊರುಗಳಿಂದ ಗಾಡಿಗಟ್ಟಲೆ ತರಿಸಿದರೆಂದೂ, ಒಂದೂರಿನವರು ದಾರಿಯಲ್ಲಿ ಒಡೆಯದಿರಲೆಂದು ಬೇಯಿಸಿ ಕಳಿಸಿದರೆಂದೂ ಕಥೆ. ಅಮ್ಮನವರಿಗೆ ಈ ಕಥೆ ಹೇಳದಿದ್ದರೂ ನಡೆಯುತ್ತದೆ.

ಮೂವತ್ತನ್ನೂ ನೋಡಬೇಡಿ, ಒಂದನ್ನು ನೋಡಿ. 1393ರಲ್ಲಿ ಅಂದಿನ ಅರಸನ ಆಜ್ಞೆಯಂತೆ ನದಿಗೆ ಎಸೆಯಲ್ಪಟ್ಟ ನೆಪೊಮುಕ್‌ನ ಯೋಹಾನ ಎಂಬ ಪಾದ್ರಿಯ ಪ್ರತಿಮೆ. 1683ರದ್ದು, ಅಲ್ಲಿರುವವುಗಳಲ್ಲಿ ಅತ್ಯಂತ ಹಳೆಯದು. ಅದರ ಪೀಠದ ಕಂಚಿನ ಫಲಕ ಪೂರಾ ಕಪ್ಪಾಗಿದೆ, ಜನ ಕೈಯಿಟ್ಟು ಸವರುವ ಜಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ನಮ್ಮೂರ ಗುಡಿಗಳಲ್ಲಿ ಹೊಸ್ತಿಲ ಮೇಲಿನ ಹಿತ್ತಾಳೆ ಸವೆಯುವುದಿಲ್ಲವೇ, ಹಾಗೆ. ನಾನೂ ಮುಟ್ಟಿದೆ. ತಣ್ಣಗಿತ್ತು.

ಇನ್ನು ಗಡಿಯಾರ. ಹಳೆಯ ಪಟ್ಟಣದ ಚೌಕದಲ್ಲಿ, ಪುರಭವನದ ಗೋಡೆಯಲ್ಲಿದೆ, 1410ರದ್ದು. ಗಂಟೆ ಹೊಡೆಯುವಾಗ ಅಸ್ಥಿಪಂಜರ ಹಗ್ಗ ಜಗ್ಗುತ್ತದೆ, ಮೇಲಿನ ಕಿಟಕಿಗಳಲ್ಲಿ ಏಸುವಿನ ಹನ್ನೆರಡು ಶಿಷ್ಯರು ಸುತ್ತುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ಅದನ್ನು ನೋಡಲು ಮುನ್ನೂರು ಜನ ಮೊಬೈಲ್ ಎತ್ತಿಕೊಂಡು ಇಪ್ಪತ್ತು ನಿಮಿಷ ಕಾಯುತ್ತಾರೆ, ಮುಗಿದ ಕೂಡಲೇ ಚದುರುತ್ತಾರೆ. ನೀವು ಆಗ ಹೋಗಬೇಡಿ. ಗಂಟೆ ಹೊಡೆದು ಹತ್ತು ನಿಮಿಷವಾದ ಮೇಲೆ ಹೋಗಿ, ಜೇಬಿನಲ್ಲಿ ನಮ್ಮ ಪಂಚಾಂಗ ಇಟ್ಟುಕೊಂಡು.

ಏಕೆಂದರೆ ಅದು ಗೋಡೆಗೆ ತಗುಲಿಸಿದ ಪಂಚಾಂಗವೇ. ಮುಳ್ಳಿನ ಮೇಲೆ ಒಂದು ಚಿನ್ನದ ಸೂರ್ಯ. ಇನ್ನೊಂದು ಮುಳ್ಳಿನಲ್ಲಿ ಅರ್ಧ ಕಪ್ಪು, ಅರ್ಧ ಬೆಳ್ಳಿಯ ಗೋಲ. ಅದು ಚಂದ್ರ, ತಾನೇ ತಿರುಗಿ ಶುಕ್ಲಪಕ್ಷ, ಕೃಷ್ಣಪಕ್ಷ ತೋರಿಸುತ್ತದೆ. ಹನ್ನೆರಡು ರಾಶಿಗಳ ಬಳೆ ಬೇರೆ. ಅತ್ಯಂತ ಹೊರಗಿನ ಕಪ್ಪು ಬಳೆಯ ಮೇಲಿನ ಚಿನ್ನದ ಅಂಕಿಗಳನ್ನು ಗಮನಿಸಿ: ಒಂದರಿಂದ ಇಪ್ಪತ್ನಾಲ್ಕು. ಅದು ಹಳೆಯ ಬೊಹೀಮಿಯಾದ, ಅಂದರೆ ಆ ಚೆಕ್ ಸೀಮೆಯ, ಹೊತ್ತು. ನಮ್ಮ ಹಿರಿಯರು ಸೂರ್ಯೋದಯದಿಂದ ಗಳಿಗೆ ಎಣಿಸಿದರೆ ಅವರು ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಿದ್ದರು. ನೀವು ಹೋಗುವ ಕಾಲಕ್ಕೆ ಅಲ್ಲಿ ಸಂಜೆ ಏಳೂವರೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ನಿಂತರೆ ಆ ಲೆಕ್ಕದಲ್ಲಿ ಹದಿನಾಲ್ಕು ದಾಟಿ ಹದಿನೈದು ನಡೆಯುತ್ತಿರುತ್ತದೆ. ಸೂರ್ಯಾಸ್ತ ದಿನದಿನಕ್ಕೆ ಸರಿಯುವುದರಿಂದ ಆ ಬಳೆಯೂ ವರ್ಷವಿಡೀ ಅತ್ತಿತ್ತ ಸರಿಯುತ್ತದೆ.

ಒಂದು ಗಮ್ಮತ್ತು ಕೇಳಿ. ಏಪ್ರಿಲ್ ಮೊದಲ ವಾರ ಆ ಗಡಿಯಾರದ ಸೂರ್ಯ ಮೇಷದಲ್ಲಿರುತ್ತಾನೆ. ನಿಮ್ಮ ಜೇಬಿನ ಪಂಚಾಂಗದಲ್ಲಿ ಅದೇ ಸೂರ್ಯ ಇನ್ನೂ ಮೀನದಲ್ಲಿ, ಏಪ್ರಿಲ್ 14ರ ಹೊತ್ತಿಗೆ ಮೇಷಕ್ಕೆ ಬರುತ್ತಾನೆ. ಯಾರದೂ ತಪ್ಪಲ್ಲ. ಅವರದು ವಿಷುವದಿಂದ ರಾಶಿ ಎಣಿಸುವ ಸಾಯನ, ನಮ್ಮದು ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯನ, ನಡುವೆ ಈಗ ಸುಮಾರು 24 ಅಂಶಗಳ ಅಂತರ. ಎರಡು ಪುಸ್ತಕಗಳ ಬಾಕಿ ತಾಳೆಯಾಗದಿದ್ದರೆ ವ್ಯತ್ಯಾಸ ಹುಡುಕಿದವರು ನೀವು, ನಿಮಗೆ ಇದು ಹಿಡಿಸೀತು. ಅದನ್ನು ನೋಡುತ್ತ ನಾನು ಮುಕ್ಕಾಲು ಗಂಟೆ ನಿಂತಿದ್ದೆ.

ಗಡಿಯಾರ ಮಾಡಿದವನ ಕಣ್ಣು ಕೀಳಿಸಿದರು ಎಂಬ ಕಥೆಯನ್ನು ಯಾರಾದರೂ ಹೇಳಿದರೆ ಕೇಳಿ, ನಂಬಬೇಡಿ. ನಿಜವಾಗಿ ಅದಕ್ಕೆ ಪೆಟ್ಟು ಬಿದ್ದದ್ದು 1945ರ ಮೇ ತಿಂಗಳಲ್ಲಿ, ಜರ್ಮನ್ ಸೇನೆ ಪುರಭವನಕ್ಕೆ ಗುಂಡಿಟ್ಟಾಗ. ಮರದ ಶಿಷ್ಯರೆಲ್ಲ ಸುಟ್ಟುಹೋದರು. ಈಗಿನವರು ಆಮೇಲೆ ಕೆತ್ತಿಸಿದವರು. ಅಲ್ಲೇ ಗೋಪುರದ ಬುಡದ ನೆಲಹಾಸಿನಲ್ಲಿ ಬಿಳಿ ಕಲ್ಲಿನ ಶಿಲುಬೆಗಳಿವೆ, 1621ರಲ್ಲಿ ಅಲ್ಲಿ ಗಲ್ಲಿಗೇರಿಸಿದ, ತಲೆ ಕಡಿಸಿದ ಬಂಡಾಯದ ಮುಖಂಡರ ನೆನಪಿಗೆ. ಎಣಿಸಿದರೆ 27, ನಿಮ್ಮ ಪಟ್ಟಿಯಷ್ಟೇ. ಎಲ್ಲರೂ ಮೇಲೆ ನೋಡುತ್ತ ಅವುಗಳ ಮೇಲೆಯೇ ನಿಂತಿರುತ್ತಾರೆ.

ಪ್ರಾಗ್‌ನ ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತಬೇಡಿ. 22ನೆಯ ಸಂಖ್ಯೆಯ ಟ್ರಾಮ್ ಹಿಡಿದು ಕೋಟೆಗಿಂತಲೂ ಮೇಲಿರುವ ಪೊಹೊರ್ಜೆಲೆಟ್ಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಇಳಿಜಾರಿನಲ್ಲಿ ಕೋಟೆ, ಆಮೇಲೆ ನೆರುದೋವಾ ಬೀದಿ, ಆಮೇಲೆ ನದಿ. ಕೋಟೆಯೊಳಗಿನ ಸಂತ ವೀಟ್ ಚರ್ಚಿನ ಕೆಲಸ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿಯಿತು. ನಮ್ಮ ಕಡೆಯ ಮೇಲ್ಸೇತುವೆ ತಡವಾಯಿತೆಂದು ಬೈಯುವವರು ಒಮ್ಮೆ ನೋಡಬೇಕು. ನೆರುದೋವಾ ಬೀದಿಯಲ್ಲಿ ಬಾಗಿಲ ಮೇಲಿನ ಗುರುತುಗಳನ್ನು ನೋಡುತ್ತ ಬನ್ನಿ. 1770ರಲ್ಲಿ ಮನೆ ಸಂಖ್ಯೆ ಬರುವ ಮೊದಲು ಮನೆಗೆ ಅದೇ ವಿಳಾಸ: ಎರಡು ಸೂರ್ಯರ ಮನೆ, ಮೂರು ಪಿಟೀಲುಗಳ ಮನೆ. ನಮ್ಮ ಓಣಿಯಲ್ಲಿ ಅಂಚೆಯವನಿಗೆ ಇಂದಿಗೂ ಬೇವಿನಮರದ ಮನೆ ಎಂದರೆ ಸಾಕು.

ಬಿಡಬೇಕಾದವು: ಮೇಣದ ಬೊಂಬೆ, ಚಿತ್ರಹಿಂಸೆಯ ವಸ್ತುಗಳಂಥ ಹೆಸರಿನ ಎಲ್ಲ ಸಂಗ್ರಹಾಲಯಗಳು, ಊಟದ ದೋಣಿ, ಎಲ್ಲ ಗೋಪುರಗಳ ಮೆಟ್ಟಿಲು. ಕುಣಿಯುವ ಮನೆ ಎಂದು ಕರೆಯುವ ವಾಲಿದ ಕಟ್ಟಡವನ್ನು ಟ್ರಾಮಿನಿಂದಲೇ ನೋಡಿ.

ಮಂಡಕ್ಕಿ ಅಕ್ಕ, ದಾವಣಗೆರೆ

ರಂಗಯ್ಯನ ಬಾಗಿಲಿನವರೇ, ಎಷ್ಟು ಚೆನ್ನಾಗಿ ಬರೆದಿರಿ, ಆದರೆ ನಿಮಗೆ ಮಂಡಿ ನೋವಿಲ್ಲ ಎಂಬುದು ಅಷ್ಟೇ ಚೆನ್ನಾಗಿ ಗೊತ್ತಾಯಿತು. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ! ಅದೂ ಆ ಗುಂಡುಕಲ್ಲಿನ ರಸ್ತೆಯಲ್ಲಿ. ನಾನು ಸೊಸೆಯ ಬಾಣಂತನಕ್ಕೆಂದು ಅದೇ ದೇಶದ ಬ್ರ್ನೋ ನಗರಕ್ಕೆ ಹೋಗಿದ್ದೆ, ಮಗ ಎರಡು ಸಲ ಪ್ರಾಗ್ ತೋರಿಸಿದ. ನೆರುದೋವಾ ಇಳಿದ ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದೇನೆ.

ಊಟದ ವಿಷಯ ನನಗೆ ಬಿಡಿ. ತುಪ್ಪ, ಬೆಣ್ಣೆ, ಪೇಡ ಒಯ್ಯಬೇಡಿ. ನಮ್ಮ ದೇಶದಿಂದ ಐರೋಪ್ಯ ಒಕ್ಕೂಟಕ್ಕೆ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವೂ ಬೇಡ. ದಾವಣಗೆರೆಯವರಿಗೆ ಬೆಣ್ಣೆ ಬಿಟ್ಟು ಹೋಗುವುದು ಸಂಕಟವೇ, ಆದರೆ ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ, ಅದಕ್ಕೆ ಮಾಸ್ಲೊ ಎನ್ನುತ್ತಾರೆ. ಕಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಒಯ್ಯಿರಿ. ಮಂಡಕ್ಕಿ ತೂಕ ಏರುವುದಿಲ್ಲ, ಜಾಗ ಮಾತ್ರ ತಿನ್ನುತ್ತದೆ.

ಹೋಟೆಲಿನಲ್ಲಿ ಎರಡು ಮಾತು ಕಲಿತಿರಿ. "ಬೆಜ್ ಮಾಸಾ" ಎಂದರೆ ಮಾಂಸವಿಲ್ಲದೆ, "ಬೆಜ್ ವಾಯೆತ್ಸ್" ಎಂದರೆ ಮೊಟ್ಟೆಯಿಲ್ಲದೆ. ಸಸ್ಯಾಹಾರಿಗಳಿಗೆಂದು ಎಲ್ಲರೂ ಹೇಳುವ ಕರಿದ ಚೀಸ್‌ಗೆ ಮೇಲಿನ ಲೇಪ ಮೊಟ್ಟೆಯದು. ತರಕಾರಿ ಸೂಪಿನ ಬುಡದಲ್ಲಿ ಮಾಂಸದ ರಸ ಇರುವುದುಂಟು, ಕೇಳದೆ ಕುಡಿಯಬೇಡಿ. ಕೋಲಿಗೆ ಸುತ್ತಿ ಸುಟ್ಟು ಸಕ್ಕರೆ ಉದುರಿಸುವ ರೊಟ್ಟಿ ಬೀದಿ ತುಂಬ ಘಮಘಮಿಸುತ್ತದೆ, ಅದರ ಹಿಟ್ಟಿನಲ್ಲೂ ಮೊಟ್ಟೆಯ ಅನುಮಾನ. ಅಂಗಡಿಯ ಬ್ರೆಡ್ಡು, ಮೊಸರು, ಹಣ್ಣು ತಂದು ಕೋಣೆಯಲ್ಲಿ ರೊಟ್ಟಿಯ ಜೊತೆ ಉಂಡರೆ ಹೊಟ್ಟೆಯೂ ತಣ್ಣಗೆ, ಜೇಬೂ ತಣ್ಣಗೆ.

ರಂಗಯ್ಯನ ಬಾಗಿಲು, ಚಿತ್ರದುರ್ಗ

ಅಕ್ಕ, ಒಪ್ಪಿದೆ, ತಪ್ಪಾಯಿತು. ಹೀಗೆ ಮಾಡೋಣ. ಪೊಹೊರ್ಜೆಲೆಟ್ಸ್‌ನಲ್ಲಿ ಇಳಿದು, ಹತ್ತಿರದ ಸ್ತ್ರಾಹೊವ್ ಮಠದ ಅಂಗಳದಾಚೆಯಿಂದ ಊರಿನ ಕೆಂಪು ಹಂಚುಗಳನ್ನು ನೋಡಿ. ಅಲ್ಲಿಂದ ಕೋಟೆಯವರೆಗಿನ ಇಳಿಜಾರು ಮೆಲ್ಲನೆಯದು. ಕೋಟೆ ನೋಡಿದ ಮೇಲೆ ನೆರುದೋವಾ ಇಳಿಯದೆ, ಕೋಟೆಯ ಹಿಂದಿನ ನಿಲ್ದಾಣದಲ್ಲಿ ಮತ್ತೆ ಅದೇ 22 ಹತ್ತಿ ಮಾಲೊಸ್ತ್ರಾನ್ಸ್ಕೆ ಚೌಕದಲ್ಲಿ ಇಳಿಯಿರಿ. ನೆರುದೋವಾದ ಕೆಳತುದಿ ಅಲ್ಲಿಯೇ. ಹತ್ತು ಹೆಜ್ಜೆ ಮೇಲೆ ಹೋಗಿ ಪಿಟೀಲಿನ ಮನೆ ನೋಡಿ ಹಿಂದಿರುಗಿ. ಸೂರ್ಯರ ಮನೆ ಮೇಲ್ತುದಿಯಲ್ಲಿದೆ, ಅದನ್ನು ಬಿಡಿ.

ನೀವಿಬ್ಬರೇ ಇರುವ ದಿನಗಳಲ್ಲಿ ಒಂದು ಬೆಳಿಗ್ಗೆ ಯೊಸೆಫೊವ್, ಹಳೆಯ ಯಹೂದಿ ಕೇರಿ. ಶನಿವಾರ ಮುಚ್ಚಿರುತ್ತದೆ, ಗಮನವಿರಲಿ. ಪಿಂಕಾಸ್ ಮಂದಿರದ ಗೋಡೆಗಳ ಮೇಲೆ ನಾಜಿಗಳ ಕಾಲದಲ್ಲಿ ಸತ್ತ ಸುಮಾರು 78 ಸಾವಿರ ಜನರ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಒಂದು ಗೋಡೆ ಓದಲು ಹೊರಟು ಅರ್ಧಕ್ಕೆ ನಿಲ್ಲಿಸಿದೆ. ಪಕ್ಕದ ಸ್ಮಶಾನದಲ್ಲಿ ಜಾಗ ಸಾಲದೆ ಮಣ್ಣಿನ ಮೇಲೆ ಮಣ್ಣು ಹೇರಿ ಹೂಳಿದ್ದರಿಂದ ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಅದರ ಜೊತೆ ಅವತ್ತು ಬೇರೇನನ್ನೂ ಇಟ್ಟುಕೊಳ್ಳಬೇಡಿ.

ಇನ್ನೊಂದು ದಿನ ವಿಶೆಹ್ರಾದ್, ಅದೂ ಒಂದು ಹಳೆಯ ಕೋಟೆ. ಮೆಟ್ರೋದಿಂದ ಇಳಿದರೆ ಹೆಚ್ಚು ಏರಿಲ್ಲದ ದಾರಿ, ಬುರುಜಿನ ಮೇಲೆ ಬೆಂಚುಗಳು, ಕೆಳಗೆ ನದಿಯ ತಿರುವು. ಜನಸಂದಣಿ ಕಡಿಮೆ. ಮನೆಯವರು ಕುಳಿತಿರಲಿ, ನೀವು ಕೋಟೆಗೋಡೆಯ ಮೇಲೆ ಒಂದು ಸುತ್ತು ಬನ್ನಿ.

ಹಣದ ಮಾತು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನನಗೆ ಇನ್ನೂ ಸಿಟ್ಟಿದೆ. ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಚೌಕದ ಹತ್ತಿರದ ಸಣ್ಣ ಅಂಗಡಿಯೊಂದರ ಫಲಕದಲ್ಲಿ "ಕಮಿಷನ್ ಇಲ್ಲ" ಎಂದಿತ್ತು. ದರವನ್ನು ಓದದೆ ನೂರು ಯೂರೋ ಕೊಟ್ಟೆ, ಕೈಗೆ ಬಂದದ್ದನ್ನು ಎಣಿಸಿದಾಗ ಕಾಲುಭಾಗ ಹೋಗಿತ್ತು. ಬದಲಿಸಿದ ಮೂರು ಗಂಟೆಯೊಳಗೆ ರಸೀದಿ ತೋರಿಸಿ ವ್ಯವಹಾರವನ್ನೇ ರದ್ದು ಮಾಡಿಸಬಹುದೆಂದು 2019ರಿಂದ ಅಲ್ಲಿ ಕಾನೂನಿದೆ. ನನಗೆ ಗೊತ್ತಾದದ್ದು ಮಾರನೆಯ ದಿನ.

ನಿವೃತ್ತ ಲೆಕ್ಕಿಗ, ದಾವಣಗೆರೆ

ನಿಮ್ಮ ಮಾತುಗಳನ್ನೆಲ್ಲ ನಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೊಟ್ಟೆಯ ಕಥೆಯನ್ನೂ ಓದಿಬಿಟ್ಟೆ, ಸೇತುವೆ ದಾಟುವುದಕ್ಕೆ ಅಡ್ಡಿಯಿಲ್ಲ ಎಂದಿದ್ದಾರೆ. ಪಟ್ಟಿ 27ರಿಂದ ಏಳಕ್ಕೆ ಇಳಿದಿದೆ. ಪಂಚಾಂಗ ಪೆಟ್ಟಿಗೆಯೊಳಗೆ ಹೋಯಿತು, ಬೆಣ್ಣೆ ಡಬ್ಬಿ ಹೊರಗೆ ಬಂತು. ಆ 22ನೆಯ ಟ್ರಾಮ್‌ನಲ್ಲಿ ಕೂರಲು ಜಾಗ ಸಿಗುತ್ತದೆಯೇ? ಚೀಟಿ ಕೊಡಲು ಕಂಡಕ್ಟರ್ ಬರುತ್ತಾನೆಯೇ?

ರಂಗಯ್ಯನ ಬಾಗಿಲು, ಚಿತ್ರದುರ್ಗ

ಕಂಡಕ್ಟರ್ ಇರುವುದಿಲ್ಲ ಸರ್. ಕಾಗದದ ಚೀಟಿ ಕೊಂಡರೆ ಹತ್ತಿದ ಕೂಡಲೇ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿ. ಮುದ್ರೆಯಿಲ್ಲದ ಚೀಟಿ ಇದ್ದರೂ ಇಲ್ಲದಂತೆಯೇ, ಸಾದಾ ಬಟ್ಟೆಯ ತನಿಖೆಯವರು ದಂಡ ಹಾಕುತ್ತಾರೆ. ಜಾಗದ ಚಿಂತೆ ಬೇಡ. ಅಮ್ಮನವರು ಕಂಬ ಹಿಡಿದು ನಿಂತರೆ ಯಾರಾದರೂ ಎದ್ದು ಕೊಡುತ್ತಾರೆ, ನನ್ನ ಅನುಭವದಲ್ಲಿ ಅಲ್ಲಿಯ ಹುಡುಗರು ಆ ವಿಷಯದಲ್ಲಿ ಒಳ್ಳೆಯವರು. ಸೇತುವೆಯಿಂದ ಕೋಟೆ ಕಡೆಗೆ ಹೋಗುವಾಗ ಬಲಗಡೆಯ ಕಿಟಕಿ ಸಿಕ್ಕರೆ ಬಿಡಬೇಡಿ.