ಆಟದಲ್ಲಿ ಹಸಿವು ಮತ್ತು ನಿದ್ರೆಯ ಮೀಟರ್‌ಗಳು: ಉಳಿಸಬೇಕೇ, ತೆಗೆಯಬೇಕೇ?

ಪ್ರಶ್ನೆ: ಕೊನೆಗದ್ದೆ, ಮಂಡ್ಯ

ನಾನು ಮತ್ತು ನನ್ನ ಸಹಪಾಠಿಯೊಬ್ಬರು ಓದಿನ ಬಿಡುವಿನಲ್ಲಿ ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶ ಬಳಸಿ ಚಿಕ್ಕದೊಂದು ಕಂಪ್ಯೂಟರ್ ಆಟವನ್ನು ಕಟ್ಟುತ್ತಿದ್ದೇವೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಎರಡು ಎಕರೆ ಗದ್ದೆಯಿರುವ ರೈತನೊಬ್ಬ, ಸರದಿಯಂತೆ ಬಿಡುವ ಕಟ್ಟು ನೀರು ಬಂದ ರಾತ್ರಿಗಳಲ್ಲಿ ತನ್ನ ತೂಬಿಗೆ ನೀರು ತಲುಪುವಂತೆ ನೋಡಿಕೊಳ್ಳಬೇಕು; ಅದೇ ಆಟ. ಅವನಿಗೆ ಹಸಿವಿನ ಮೀಟರ್ ಒಂದು, ನಿದ್ರೆಯ ಮೀಟರ್ ಒಂದು, ಅಂದರೆ ಹೊತ್ತು ಕಳೆದಂತೆ ಇಳಿಯುವ ಅಳತೆಪಟ್ಟಿಗಳನ್ನು ಇಟ್ಟಿದ್ದೆವು. ಆಡಿ ನೋಡಿದ ಗೆಳೆಯರೆಲ್ಲರೂ, ಮೀಟರ್ ಇಳಿದಾಗಲೆಲ್ಲ ಗುಂಡಿ ಒತ್ತಿ ಮುದ್ದೆ ತಿನ್ನಿಸುವುದು ಬೇಸರದ ಕೆಲಸವೆಂದೇ ಹೇಳಿದರು. ಆದರೆ ಎರಡನ್ನೂ ತೆಗೆದು ನೋಡಿದಾಗ, ಆ ರೈತನಿಗೆ ಮೈಯೇ ಇಲ್ಲವೆನಿಸಿತು. ಗದ್ದೆಯ ಮೇಲೆ ಓಡಾಡುವ ಬಾಣದ ಗುರುತಾಗಿಬಿಟ್ಟ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಹಳೆಯ ಕೀಲಿಮಣೆ, ಮೈಸೂರು

ಹಸಿವು ಆಟಗಳೊಳಗೆ ಬಂದದ್ದು ನೈಜತೆಗಾಗಿಯೇ ಎಂದು ಭಾವಿಸಿದರೆ ದಾರಿ ತಪ್ಪುತ್ತದೆ. ನೆಲಮಾಳಿಗೆಯ ಅಂತಸ್ತುಗಳನ್ನು ಒಂದೊಂದಾಗಿ ಇಳಿಯುತ್ತ ಹೋಗುವ 1980ರ ರೋಗ್ ಆಟವನ್ನು ನೋಡಿ. ಅಲ್ಲಿ ಹಸಿವಿಲ್ಲದಿದ್ದರೆ ಆಟಗಾರನು ಪ್ರತಿ ಕಾಳಗದ ನಂತರವೂ ಒಂದು ಮೂಲೆಯಲ್ಲಿ ಕುಳಿತು, ಗಾಯವೆಲ್ಲ ಮಾಯುವವರೆಗೆ ಕಾದು, ಆಮೇಲೆ ಮುಂದೆ ಹೋಗಬಹುದಾಗಿತ್ತು. ಸಿಗುವ ಆಹಾರಕ್ಕೆ ಮಿತಿಯಿದ್ದುದರಿಂದ ಕಾಯುವುದಕ್ಕೂ ಬೆಲೆ ತೆರಬೇಕಾಯಿತು, ಕೆಳಗಿನ ಅಂತಸ್ತಿಗೆ ಇಳಿಯಲೇಬೇಕಾಯಿತು. ಅಂದರೆ ಅಲ್ಲಿ ಹಸಿವು ಒಂದು ಗಡಿಯಾರ.

1987ರಲ್ಲಿ ಬಂದ, ಅದೇ ಬಗೆಯ ನೆಟ್‌ಹ್ಯಾಕ್ ಆಟ ಇದನ್ನು ಇನ್ನಷ್ಟು ಬೆಳೆಸಿತು. ಆಟಗಾರ 900 ಅಂಶಗಳ ಪೋಷಣೆಯೊಂದಿಗೆ ಹೊರಡುತ್ತಾನೆ, ಸಾಮಾನ್ಯವಾಗಿ ಆಟದ ಪ್ರತಿ ನಡೆಗೂ ಒಂದೊಂದು ಕರಗುತ್ತದೆ. ಕೊಂದ ಪ್ರಾಣಿಯನ್ನು ತಿನ್ನಬಹುದು, ಆದರೆ ಹಳಸಿದ್ದರೆ ಅದೇ ಪ್ರಾಣ ತೆಗೆಯಬಹುದು. ತೀರ ನಿತ್ರಾಣನಾದಾಗ ದೇವರಿಗೆ ಮೊರೆಯಿಟ್ಟರೆ ಹೊಟ್ಟೆ ತುಂಬುತ್ತದೆ, ಪದೇ ಪದೇ ಮೊರೆಯಿಟ್ಟರೆ ದೇವರೇ ಮುನಿಯುತ್ತಾನೆ. ಗಮನಿಸಿ, ಇಲ್ಲಿ ಹಸಿವು ಒಂಟಿಯಾಗಿ ಮೂಲೆಯಲ್ಲಿ ಇಳಿಯುತ್ತ ಕೂತಿಲ್ಲ. ಬೇಟೆಗೂ ವಿಷಕ್ಕೂ ಭಕ್ತಿಗೂ ಗಂಟು ಬಿದ್ದಿದೆ. ನಿಮ್ಮ ಮುದ್ದೆ ಯಾವುದಕ್ಕೆ ಗಂಟು ಬಿದ್ದಿದೆ? ನೀವು ಬರೆದಿರುವುದನ್ನು ನೋಡಿದರೆ, ಒಂದು ಗುಂಡಿಗೆ ಮಾತ್ರ.

ಉತ್ತರ 2: ಹಿಟ್ಟಿನ ಕೋಲು, ಮದ್ದೂರು ಕಡೆಯವನು

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನನ್ನ ಸಲಹೆ ಬೇರೆ ದಿಕ್ಕಿನದು. ಮೈನ್‌ಕ್ರಾಫ್ಟ್‌ನಲ್ಲಿ 2011ರ ಸೆಪ್ಟೆಂಬರ್‌ಗೆ ಮೊದಲು ಹಸಿವೇ ಇರಲಿಲ್ಲ, ಆಹಾರವೆಂದರೆ ಔಷಧಿ, ತಿಂದ ಕೂಡಲೇ ಜೀವ ತುಂಬುತ್ತಿತ್ತು. ಆ ತಿಂಗಳ ಬೀಟಾ 1.8 ಆವೃತ್ತಿಯಲ್ಲಿ 20 ಅಂಶಗಳ ಹಸಿವು ಬಂದಿತು. ಈಗ 18ಕ್ಕಿಂತ ಕಡಿಮೆಯಾದರೆ ಗಾಯ ತಾನಾಗಿ ಮಾಯುವುದಿಲ್ಲ, 6ಕ್ಕೆ ಇಳಿದರೆ ಓಡಲಾಗುವುದಿಲ್ಲ, ಮತ್ತು ಕಠಿಣ ಹಂತವೊಂದನ್ನು ಬಿಟ್ಟರೆ ಬರೀ ಹಸಿವಿನಿಂದ ಯಾರೂ ಸಾಯುವುದಿಲ್ಲ. ವಾಲ್ಹೈಮ್ ಎಂಬ ಆಟ 2021ರಲ್ಲಿ ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿ ಉಪವಾಸಕ್ಕೆ ಸಾವಿನ ಶಿಕ್ಷೆಯೇ ಇಲ್ಲ; ಒಮ್ಮೆಗೆ ಮೂರು ಬಗೆಯ ಆಹಾರ ಉಣ್ಣಬಹುದು, ಉಂಡಷ್ಟು ಹೊತ್ತು ಜೀವದ ಮಿತಿಯೂ ದಮ್ಮೂ ಹೆಚ್ಚುತ್ತವೆ, ಉಣ್ಣದವನು ಬಡವಾಗಿ ಅಲೆಯುತ್ತಾನೆ.

ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎಂದು ನಮ್ಮ ಕಡೆ ಹೇಳುವುದು ಇದನ್ನೇ ಅಲ್ಲವೇ? ಆ ಗಾದೆಯಲ್ಲಿ ಶಿಕ್ಷೆಯಿಲ್ಲ, ಬಲದ ಲೆಕ್ಕವಿದೆ. ರೈತ ಸಂಜೆ ಮನೆಯಿಂದ ಹೊರಡುವಾಗ ಏನು ಉಂಡ, ಬುತ್ತಿಗೆ ಏನು ಕಟ್ಟಿಕೊಂಡ ಎಂಬುದನ್ನು ಆಟಗಾರ ಆರಿಸಲಿ. ರಾತ್ರಿ ಅವನ ಗುದ್ದಲಿಯ ಏಟು ಎಷ್ಟು ಬಲವಾಗಿ ಬೀಳುತ್ತದೆಂಬುದು ಅದರಿಂದಲೇ ನಿರ್ಧಾರವಾಗಲಿ. ಹಸಿವಿನ ಮೀಟರನ್ನು ಪೂರ್ತಿ ತೆಗೆದುಬಿಡಿ.

ಉತ್ತರ 3: ರಾತ್ರಿ ಪಾಳಿ, ಮೈಸೂರು

ಶಿಕ್ಷೆ ಬೇಡ, ಬಹುಮಾನದಿಂದಲೇ ಎಲ್ಲವೂ ಸರಿಹೋಗುತ್ತದೆಯೆಂಬ ಎರಡನೆಯ ಉತ್ತರದ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆದರೂ ಅದರ ಪರವಾದ ಸಾಕ್ಷಿಯೊಂದನ್ನು ನಾನೇ ಕೊಡಬೇಕಾಗಿದೆ. ಕೆನಡಾದ ಹಿಮದಲ್ಲಿ ನಡೆಯುವ ದಿ ಲಾಂಗ್ ಡಾರ್ಕ್ ಆಟದಲ್ಲಿ ಹಸಿವನ್ನು ಕ್ಯಾಲೊರಿಗಳಲ್ಲಿ ಲೆಕ್ಕ ಹಾಕುತ್ತಾರೆ. ದಿನವಿಡೀ ಉಪವಾಸವಿದ್ದು, ಮಲಗುವ ಮುನ್ನ ಮಾತ್ರ ಸ್ವಲ್ಪ ತಿಂದರೆ ಕಳೆದುಕೊಂಡ ಜೀವವೆಲ್ಲ ನಿದ್ರೆಯಲ್ಲೇ ಮರಳುತ್ತದೆಂದು ಆಟಗಾರರು ಕಂಡುಕೊಂಡರು. ತಯಾರಕರು ಆಮೇಲೆ, ಮೂರು ದಿನ ಹಸಿವಿಗೆ ಬೀಳದೆ ಉಂಡವನು 5 ಕಿಲೋ ಹೆಚ್ಚು ಭಾರ ಹೊರಬಲ್ಲನೆಂಬ ನಿಯಮ ತಂದರು. ಶಿಕ್ಷೆಯನ್ನು ಜಾಣತನದಿಂದ ತಪ್ಪಿಸಿಕೊಂಡವರನ್ನು ಅವರು ದಾರಿಗೆ ತಂದದ್ದು ಬಹುಮಾನದ ಆಸೆ ತೋರಿಸಿಯೇ.

ಆದರೆ ನಿಮ್ಮ ಆಟದ ಜೀವಾಳ ಹಸಿವಲ್ಲ, ನಿದ್ರೆ. ಫಾಲ್‌ಔಟ್ 4 ಎಂಬ ಆಟಕ್ಕೆ 2016ರಲ್ಲಿ ಬಂದ ಸರ್ವೈವಲ್ ಎಂಬ ಕಠಿಣ ಹಂತದಲ್ಲಿ ಮಲಗಿದರೆ ಮಾತ್ರ ಆಟ ಸೇವ್ ಆಗುತ್ತಿತ್ತು, ಹಾಗಾಗಿ ಹರಕು ಹಾಸಿಗೆ ಕಂಡರೂ ಜೀವ ಬಂದಂತಾಗುತ್ತಿತ್ತು. ನಿಮ್ಮಲ್ಲಿ ಅದು ತಿರುವುಮುರುವು: ಮಲಗಿದರೆ ಕೆಟ್ಟ. ಕಣ್ಣು ಮುಚ್ಚಿದ ಅರ್ಧ ಗಂಟೆಯಲ್ಲಿ ಮೇಲಿನ ಗದ್ದೆಯವನು ನೀರು ತಿರುಗಿಸಿಕೊಳ್ಳಬಹುದು, ಇಲ್ಲವೇ ನೀರು ಹೆಚ್ಚಾಗಿ ಬದು ಒಡೆಯಬಹುದು. ನಮ್ಮ ತಾತ ಸರದಿಯ ರಾತ್ರಿ ಒಣಗಿದ ಕಾಲುವೆಯೊಳಗೆ ಕಾಲು ಇಳಿಬಿಟ್ಟು ಬದುವಿನ ಮೇಲೆ ಮಲಗುತ್ತಿದ್ದರು; ನೀರು ಬಂದು ಪಾದಕ್ಕೆ ತಗುಲಿದರೆ ಎಚ್ಚರವಾಗುತ್ತಿತ್ತು. (ನೀರು ಹಂಚುವ ನೀರಗಂಟಿಯನ್ನು ನಂಬುವುದಕ್ಕಿಂತ ಪಾದವನ್ನು ನಂಬುವುದು ಮೇಲು ಎನ್ನುತ್ತಿದ್ದರು.) ಇದನ್ನು ಆಟದಲ್ಲಿಡಿ: ಕಾಲು ಇಳಿಬಿಟ್ಟು ಮಲಗಿದರೆ ಅರೆನಿದ್ರೆ, ಆದರೆ ಎಚ್ಚರ ಖಚಿತ, ಕಂಬಳಿ ಹೊದ್ದು ಗುಡಿಸಲಿನಲ್ಲಿ ಮಲಗಿದರೆ ಪೂರ್ಣ ನಿದ್ರೆ, ನೀರು ಮಾತ್ರ ದೇವರ ಪಾಲು. ನಿದ್ರೆಗೂ ಮೀಟರ್ ಬೇಡ. ತೂಕಡಿಕೆ ಹೆಚ್ಚಿದಂತೆ ಕಪ್ಪೆಗಳ ವಟಗುಟ್ಟುವಿಕೆ ದೂರವಾಗಲಿ, ಪರದೆಯ ಅಂಚು ಮಬ್ಬಾಗಲಿ.

ಇನ್ನೊಂದು ಮಾತು. ರಾತ್ರಿ ಎರಡು ಮುದ್ದೆ ಉಂಡವನಿಗೆ ಬಲ ಬರುವುದು ನಿಜ, ನಿದ್ರೆ ಹತ್ತುವುದೂ ಅಷ್ಟೇ ನಿಜ. ಎರಡನೆಯ ಉತ್ತರದಲ್ಲಿ ಈ ಅರ್ಧ ಬಿಟ್ಟುಹೋಗಿದೆ.

ಕೊನೆಗದ್ದೆ, ಮಂಡ್ಯ

ಮೂವರಿಗೂ ವಂದನೆಗಳು. ಎರಡೂ ಮೀಟರ್‌ಗಳನ್ನು ನಿನ್ನೆ ರಾತ್ರಿಯೇ ತೆಗೆದೆವು. ಸಂಜೆ ಒಂದು ಮುದ್ದೆಯೋ ಎರಡೋ ಎಂಬ ಆಯ್ಕೆಯನ್ನಷ್ಟೇ ಇಟ್ಟು, ಗುದ್ದಲಿಯ ಬಲವನ್ನೂ ತೂಕಡಿಕೆಯ ವೇಗವನ್ನೂ ಅದಕ್ಕೇ ಕಟ್ಟಿದ್ದೇವೆ. ಸದ್ಯಕ್ಕೆ ಎರಡು ಮುದ್ದೆ ಉಂಡವನು ಬದು ಕಟ್ಟುವ ಮೊದಲೇ ಮಲಗಿಬಿಡುತ್ತಾನೆ, ಆದ್ದರಿಂದ ತೂಕಡಿಕೆ ಶುರುವಾಗುವ ಹೊತ್ತನ್ನು ಇನ್ನಷ್ಟು ಮುಂದಕ್ಕೆ ತಳ್ಳಬೇಕಾಗಿದೆ. ಕಾಲು ಇಳಿಬಿಟ್ಟು ಮಲಗುವ ಚಿತ್ರವನ್ನು ಗೆಳೆಯರು ಬಿಡಿಸುತ್ತಿದ್ದಾರೆ. ತಾತನವರು ಎಡಗಾಲು ಇಳಿಬಿಡುತ್ತಿದ್ದರೋ, ಎರಡೂ ಕಾಲುಗಳನ್ನೋ?

ರಾತ್ರಿ ಪಾಳಿ, ಮೈಸೂರು

ಒಂದೇ ಕಾಲು. ಇನ್ನೊಂದು ಗುದ್ದಲಿಯ ಕಾವಿನ ಮೇಲಿರುತ್ತಿತ್ತು, ಅದನ್ನು ಯಾರೂ ಎತ್ತಿಕೊಂಡು ಹೋಗದಿರಲೆಂದು.